ಕಿವಿಕೋವಿಗೆ ಪಾಠ ಹೇಳಿದವಳು

ಶಾಂತಿ ಬಂದ ದಿನ ಮೊದಲು ಸತ್ತವನು ಒಬ್ಬ ಬಳೆಗಾರ.

ಆ ಬೆಳಿಗ್ಗೆ ಹೊಂಬಲ ಮತ್ತು ಪೊನ್ಮಲೆ ದೇಶಗಳ ಮಂತ್ರಿಗಳು ಹೊಂಬಲದ ರಾಜಧಾನಿಯಲ್ಲಿ ಕೂತು ನೆರೆನಂಟು ಒಪ್ಪಂದಕ್ಕೆ ಸಹಿ ಹಾಕಿದ್ದರು. ಹನ್ನೊಂದು ವರ್ಷದ ಯುದ್ಧ ಮುಗಿದಿತ್ತು. ಮಧ್ಯಾಹ್ನ ಕರಿಹೊಳೆಯ ಸೇತುವೆಯ ಮೇಲಿದ್ದ ಮುಳ್ಳುತಂತಿ ತೆಗೆದರು. ಪೊನ್ಮಲೆಯ ಕಡೆಯಿಂದ ಜನ ಬರತೊಡಗಿದರು. ಎಲ್ಲರಿಗಿಂತ ಮುಂದೆ ಹೆಗಲ ಮೇಲೆ ಬಳೆಯ ಮಲಾರ ಹೊತ್ತ ಆ ಮನುಷ್ಯ ಇದ್ದ. ಹೊಂಬಲದ ದಡ ಮುಟ್ಟಿದ್ದೇ ತಡ, ಅಷ್ಟು ವರ್ಷ ಬಾಯಲ್ಲೇ ಉಳಿದಿದ್ದ ಕೂಗನ್ನು ಕೂಗಿದ: "ಪಸಿರು ಬಳೆ, ಪೂವಿನ ಬಳೆ, ಬನ್ನಿರವ್ವಾ."

ಗುಂಡು ಅವನ ಬಾಯಿಗೇ ಬಡಿಯಿತು. ಬಳೆಯೆಲ್ಲ ಕಲ್ಲುಹಾಸಿನ ಮೇಲೆ ಚೂರುಚೂರಾಗಿ ಹರಡಿತು. ಅವನ ಹಿಂದಿದ್ದವರು ತಮ್ಮ ಮಾತಿನಲ್ಲಿ ಕಿರುಚಿದರು. ಕಿರುಚಿದವರ ಬಾಯಿಗೂ ಗುಂಡು ಬಿತ್ತು. ಗಂಡನ ಹೆಸರು ಕೂಗಿದವಳು ಬಿದ್ದಳು. ಪೋಗಿ, ಓಡಿ ಪೋಗಿ ಎಂದು ಎಚ್ಚರಿಸಿದ ಮುದುಕ ಬಿದ್ದ. ಹೊಂಬಲದವರು ಎಷ್ಟು ಅರಚಿದರೂ ಅವರಿಗೆ ಏನೂ ಆಗಲಿಲ್ಲ. ಅವರ ಮೈಮೇಲೆ ಪಕ್ಕದವರ ರಕ್ತ ಚಿಮ್ಮಿತು, ಅಷ್ಟೇ.

ಆ ಗುಂಪಿನಲ್ಲಿ ಪೂವಬ್ಬೆ ಎಂಬ ಹೆಂಗಸಿದ್ದಳು. ಹುಟ್ಟಿದ್ದು ಪೊನ್ಮಲೆಯಲ್ಲಿ, ಯುದ್ಧಕ್ಕೆ ಮೊದಲು ಕೊಟ್ಟದ್ದು ಹೊಂಬಲಕ್ಕೆ. ಇಲ್ಲಿ ಅವಳನ್ನು ಹೂವವ್ವ ಎನ್ನುತ್ತಿದ್ದರು. ತವರಿನ ಒಂದಾದರೂ ಮುಖ ಕಂಡೀತೆಂದು ಬಂದಿದ್ದಳು. ಮೊದಲ ಗುಂಡಿಗೇ ನೆಲಕ್ಕೆ ಬಿದ್ದು, ಮುಷ್ಟಿಯನ್ನು ಬಾಯಿಗೆ ತುರುಕಿಕೊಂಡಳು. ಮೇಲೆ ಒಬ್ಬ ಹುಡುಗಿಯ ಹೆಣ ಬಿತ್ತು. ಸಿಪಾಯಿಗಳು ಬಂದು ಎಳೆದು ತೆಗೆಯುವಷ್ಟರಲ್ಲಿ ಅವಳ ಬೆರಳ ಗೆಣ್ಣುಗಳು ಹಲ್ಲಿನಿಂದ ಹರಿದು ಎಲುಬು ಕಾಣುತ್ತಿತ್ತು.

ಹೊಂಬಲ, ಪೊನ್ಮಲೆ ಎರಡರದ್ದೂ ಒಂದೇ ಭಾಷೆ. ನಡುವೆ ಹರಿಯುವ ಹೊಳೆ ಒಂದು ಅಕ್ಷರವನ್ನು ಮಾತ್ರ ಬೇರೆ ಮಾಡಿತ್ತು. ಈ ದಡದವರ ಹಾಲು ಆ ದಡದವರಿಗೆ ಪಾಲು. ಇಲ್ಲಿ ಹುಲಿ, ಅಲ್ಲಿ ಪುಲಿ. ಇಲ್ಲಿ ಹೋದವರು ಅಲ್ಲಿ ಪೋದವರು. ಕಿವಿಕೋವಿ ಈ ಒಂದು ಅಕ್ಷರವನ್ನು ಹಿಡಿದು ಹೊಂಬಲದವರು ಮಾಡಿದ ಯಂತ್ರ. ದಡದುದ್ದಕ್ಕೂ ಮಣ್ಣಿನಲ್ಲಿ ಹೂತುಕೊಂಡು, ಕಿವಿಯಷ್ಟನ್ನೇ ಹೊರಗಿಟ್ಟು ಕಾಯುತ್ತಿತ್ತು. ಅದಕ್ಕೆ ಕಣ್ಣಿಲ್ಲ. ಪತ್ರ, ಪಾಠ ಎಂದರೆ ಸುಮ್ಮನಿರುತ್ತಿತ್ತು. ಅವು ಎರಡೂ ಕಡೆ ಒಂದೇ. ಹಾಲಿನ ಜಾಗದಲ್ಲಿ ಪಾಲು ಕೇಳಿಸಿದರೆ ಸದ್ದು ಹುಟ್ಟಿದ ಕಡೆಗೆ ಗುರಿಯಿಡುತ್ತಿತ್ತು. ಪೊನ್ಮಲೆಯವನು ಬೇಕೆಂದೇ ಹಾಲು ಎಂದರೂ ಅದಕ್ಕೆ ಮೊದಲು ತುಟಿ ಕೂಡುವ ಸಣ್ಣ ಸದ್ದು ಅದಕ್ಕೆ ತಿಳಿಯುತ್ತಿತ್ತು. ಯುದ್ಧದಲ್ಲಿ ಅದರಿಂದ ಸತ್ತವರನ್ನು ಮುಖ ನೋಡಿ ಗುರುತಿಸಲು ಆಗುತ್ತಿರಲಿಲ್ಲ. ಮುಖ ಉಳಿಯುತ್ತಿರಲಿಲ್ಲ.

ಸಹಿಯ ಹಿಂದಿನ ದಿನ ಹೊಂಬಲದ ಸೇನೆ ಹಳೆಯ ಸುಂಕದಕಟ್ಟೆಯಲ್ಲಿದ್ದ ನಿಯಂತ್ರಣ ಕೊಠಡಿಯಿಂದ ಎಲ್ಲ ಕೋವಿಗಳಿಗೂ ನಿಲ್ಲುವ ಆಜ್ಞೆ ಕಳಿಸಿತ್ತು. ಹಲಗೆಯ ಮೇಲಿನ ದೀಪಗಳೆಲ್ಲ ಆರಿದ್ದವು. ಹತ್ಯಾಕಾಂಡದ ಮರುದಿನ ಎರಡೂ ದೇಶದ ಎಂಜಿನಿಯರುಗಳ ಜಂಟಿ ಸಮಿತಿ ಅಲ್ಲೇ ಕೂತು ಪರೀಕ್ಷೆ ಮಾಡಿದಾಗ ನಿಜ ಗೊತ್ತಾಯಿತು. ದೀಪ ಆರಿದ್ದು ಕೋವಿ ನಿಂತದ್ದರಿಂದಲ್ಲ. ನೆಲದೊಳಗಿನ ತಂತಿ ಷೆಲ್ಲುಗಳಿಂದ ಎಂದೋ ಕಡಿದುಹೋಗಿತ್ತು; ದೀಪಗಳು ಬರೀ ಕೊಠಡಿಯೊಳಗಿನ ಗುಂಡಿಗೆ ಉರಿದು ಆರುತ್ತಿದ್ದವು. ರೇಡಿಯೋ ಕೋವಿಗಳಿಗೆ ಇರಲೇ ಇಲ್ಲ. ಬಾಗಿಲು ತೆರೆದಿಟ್ಟರೆ ಶತ್ರುವೂ ಬರುತ್ತಾನೆಂದು ಮಾಡುವಾಗಲೇ ಮುಚ್ಚಿದ್ದರು. ಕೈಯಿಂದ ಬಿಚ್ಚಲು ಹೋದ ಮೂವರು ಹೊಂಬಲದ ಸೈನಿಕರು ಕೋವಿಯ ಜತೆಗೇ ಸಿಡಿದು ಚೂರಾದರು. ಎಂಜಿನ್ ಸದ್ದು ಕೇಳಿದರೆ ಅವು ನೆಲದ ಆಳಕ್ಕೆ ಇಳಿಯುತ್ತಿದ್ದವು. ಅಂಥವು ಇನ್ನೂರಕ್ಕೂ ಮಿಕ್ಕಿ ಉಳಿದಿದ್ದವು.

ಪೊನ್ಮಲೆ ಒಂದು ಗಡುವು ಹಾಕಿತು. ಅಮಾವಾಸ್ಯೆಯೊಳಗೆ ಕೋವಿಗಳು ನಿಲ್ಲದಿದ್ದರೆ ಒಪ್ಪಂದ ರದ್ದು. ಅವರ ಬೆಂಕಿಗುಂಡುಗಳು ಹೊಂಬಲದ ನಾಲ್ಕು ಪಟ್ಟಣಗಳ ಕಡೆ ಮುಖಮಾಡಿ ನಿಂತೇ ಇದ್ದವು.

ಸಮಿತಿಯಲ್ಲಿ ಪೊನ್ಮಲೆಯ ಕಡೆಯಿಂದ ಬಂದ ಧ್ವನಿ ಎಂಜಿನಿಯರ್ ಪಾರಿಸಯ್ಯ. ಎತ್ತರದ, ಮಾತು ಕಡಿಮೆಯ ಮನುಷ್ಯ. ಸುಂಕದಕಟ್ಟೆಯ ನೆಲಮಾಳಿಗೆಯಲ್ಲೋ, ಬಾಗಿಲು ಕಿಟಕಿ ಮುಚ್ಚಿದ ಗೋಡೆಗಳ ನಡುವೆಯೋ ಮಾತ್ರ ಬಾಯಿ ಬಿಡಬಹುದಾಗಿತ್ತು ಅವನಿಗೆ. ಕೋವಿಗೆ ಪೊನ್ಮಲೆಯ ಮಾತು ಕಲಿಸಿದ ಮೂಲ ಧ್ವನಿಮುದ್ರಣ ಕೊಡಿ, ಅದರಲ್ಲಿ ದಾರಿ ಸಿಕ್ಕೀತು ಎಂದು ಅವನು ಕೇಳಿದ. ಹೊಂಬಲದ ಅಧಿಕಾರಿಗಳು ಎರಡು ದಿನ ಸತಾಯಿಸಿ ಕೊಟ್ಟರು. ಆ ಮುದ್ರಣವನ್ನು ಯಂತ್ರಕ್ಕೆ ಹಾಕಿದವನು ಹೊಂಬಲದ ಎಂಜಿನಿಯರ್ ಹೊನ್ನಯ್ಯ.

ಕೊಠಡಿಯಲ್ಲಿ ಒಬ್ಬ ಹೆಂಗಸಿನ ದನಿ ಕೇಳಿಸಿತು. ಮಗುವಿನೊಂದಿಗೆ ಮಾತಾಡುತ್ತಿದ್ದಳು. "ಪಾಲು ಕುಡಿ ನನ್ನ ಪೂವೇ. ಪೊರಗೆ ಪೋಗಬೇಡ, ಪುಲಿ ಬರ್ತದೆ." ಮಗು ನಕ್ಕಿತು. ತಾಯಿ ಹುಲಿಯಂತೆ ಗುರುಗುಟ್ಟಿದಳು. ಮಗು ಇನ್ನೂ ಜೋರಾಗಿ ನಕ್ಕಿತು.

ಪಾರಿಸಯ್ಯ ಎದ್ದು ನಿಂತ. ಅದು ಅವನ ತಂಗಿ ಪೂವಬ್ಬೆಯ, ಮನೆಯವರ ಪೂವಿಯ ದನಿ. ಅವಳು ಯುದ್ಧದ ಮೊದಲ ವರ್ಷವೇ ಸತ್ತಳೆಂದು ಅವನ ಮನೆಯಲ್ಲಿ ತಿಥಿ ಮಾಡಿದ್ದರು. ಅವಳನ್ನು ಮದುವೆಯಾದ ಮನುಷ್ಯನನ್ನು ಅವನು ಒಂದೇ ಸಲ, ಧಾರೆಯ ಹೊತ್ತಿನಲ್ಲಿ, ಬಾಸಿಂಗದ ಹಿಂದೆ ನೋಡಿದ್ದ. ಈಗ ಯಂತ್ರದ ಪಕ್ಕ ತಲೆತಗ್ಗಿಸಿ ನಿಂತವನ ಕಡೆ ತಿರುಗಿದ. ಅದೇ ಮುಖ. ಪಾರಿಸಯ್ಯ ಅವನ ಮುಖಕ್ಕೆ ಹೊಡೆದ. ಹೊನ್ನಯ್ಯ ಕೈ ಅಡ್ಡ ಹಿಡಿಯಲಿಲ್ಲ. ಸಿಪಾಯಿಗಳು ಬಿಡಿಸುವ ಹೊತ್ತಿಗೆ ಅವನ ಮೂಗು ಮುರಿದು, ಎರಡು ಹಲ್ಲು ನೆಲದ ಮೇಲಿದ್ದವು.

ಸಂಜೆ ಹೊನ್ನಯ್ಯನೇ ಪಾರಿಸಯ್ಯನನ್ನು ತನ್ನ ಮನೆಗೆ ಕರೆತಂದ. ಸುಂಕದಕಟ್ಟೆಯ ಹಿಂದಿನ ಬೀದಿಯಲ್ಲಿ ಎರಡು ಕೋಣೆಯ ಮನೆ. ಪೂವಬ್ಬೆ ಬಾಗಿಲಲ್ಲಿ ನಿಂತವಳು ಅಣ್ಣನನ್ನು ನೋಡಿದಳು, ಗಂಡನ ಊದಿದ ಮುಖ ನೋಡಿದಳು, ಮತ್ತೆ ಅಣ್ಣನನ್ನು ನೋಡಿದಳು. ಒಳಗೆ ಕರೆದು ಬಾಗಿಲು, ಕಿಟಕಿ ಎಲ್ಲ ಹಾಕಿದಳು. ಆಮೇಲೆ ಅಣ್ಣನ ಕಾಲಿಗೆ ಬಿದ್ದು ಅತ್ತಳು. ಅಪ್ಪ ಮಾತ್ರ ಅವಳು ಸತ್ತಳೆಂದು ನಂಬದೆ, ಕೆಲವು ವರ್ಷಗಳ ಮೇಲೆ ಹೊಳೆ ದಾಟಿ ಅವಳನ್ನು ಕರೆತರಲು ಬಂದು ಇದೇ ದಡದಲ್ಲಿ ಕಿವಿಕೋವಿಗೆ ಸತ್ತನೆಂದು ಪಾರಿಸಯ್ಯ ಹೇಳಿದ. ಅಮ್ಮನೂ ಈಗಿಲ್ಲ ಎಂದ. ಕೊನೆಗೆ ಮುದ್ರಣದ ವಿಷಯ ಹೇಳಿದ.

ಅವಳಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಮಗಳು ನೀಲಿ ಹುಟ್ಟಿದ ಹೊಸತರಲ್ಲಿ ಹೊನ್ನಯ್ಯ ಒಂದು ಪುಟ್ಟ ಯಂತ್ರ ತಂದು ತೊಟ್ಟಿಲ ಹತ್ತಿರ ಇಟ್ಟಿದ್ದ. ಬೀದಿಯಲ್ಲಿ ಹ ಎನ್ನುವುದನ್ನು ಕಲಿತ ಹೆಂಡತಿ, ಬಾಗಿಲು ಹಾಕಿದ ಮೇಲೆ ಮಗಳೊಬ್ಬಳ ಹತ್ತಿರ ಮಾತ್ರ ತವರಿನ ಬಾಯಲ್ಲಿ ಮಾತಾಡುತ್ತಿದ್ದಳು. ಅದು ಅವನಿಗೆ ಇಷ್ಟವಾಗಿ ಹಿಡಿದಿಟ್ಟಿದ್ದ. ನೀಲಿಗೆ ನಾಲ್ಕು ತುಂಬಿದ ವರ್ಷ ಪೊನ್ಮಲೆಯ ಬೆಂಕಿಗುಂಡು ಸಂತೆಯ ಮೇಲೆ ಬಿತ್ತು. ಮಗಳು ಅಜ್ಜಿಯ ಕೈಹಿಡಿದು ಸಂತೆಗೆ ಹೋಗಿದ್ದಳು. ಮನೆಗೆ ಬಂದದ್ದು ಒಂದು ಗೋಣಿಚೀಲ. ಅದಾದ ತಿಂಗಳಿಗೆ ಹೊನ್ನಯ್ಯ ಆ ಮುದ್ರಣಗಳನ್ನು ಕಿವಿಕೋವಿ ತಯಾರಾಗುತ್ತಿದ್ದ ಪ್ರಯೋಗಾಲಯಕ್ಕೆ ಒಯ್ದ.

"ನಾನು ನೀಲಿಗೆ ಆಡಿದ ಮಾತು ಅದು," ಎಂದಳು ಪೂವಬ್ಬೆ.

"ಹೌದು," ಎಂದ ಹೊನ್ನಯ್ಯ.

"ಅದರಿಂದ ನನ್ನ ಅಪ್ಪನನ್ನ ಕೊಂದಿರಿ."

ಅವಳು ಅಡುಗೆಮನೆಗೆ ಹೋಗಿ, ಈಳಿಗೆಮಣೆಯನ್ನು ಎತ್ತಿಕೊಂಡು ಬಂದು ಅವನ ಮೇಲೆ ಬೀಸಿದಳು. ಅಲಗು ಭುಜದಲ್ಲಿ ನಾಟಿತು. ಪಾರಿಸಯ್ಯ ಅವಳ ಕೈ ಹಿಡಿದುಕೊಂಡ. ಹಿಡಿಯಬೇಕೆಂಬ ಮನಸ್ಸು ತನಗಿರಲಿಲ್ಲವೆಂದು ಅವನು ಆಮೇಲೆ ಹೇಳಿದ್ದುಂಟು. ರಕ್ತ ಒರೆಸಿ ಬಟ್ಟೆ ಕಟ್ಟಿದವನೂ ಅವನೇ. ಹೊನ್ನಯ್ಯ ಸತ್ತರೆ ಕೋವಿಯ ಗುಟ್ಟು ಹೇಳುವವರು ಯಾರೂ ಇರುತ್ತಿರಲಿಲ್ಲ.

ಗುಟ್ಟನ್ನು ಹೊನ್ನಯ್ಯ ಗೋಡೆಗೊರಗಿ ಕೂತು ಹೇಳಿದ. ಪ್ರಯೋಗಾಲಯದಲ್ಲಿ ಪಾಠ ಹೇಳುವಾಗ ಕೋವಿ ಸಿಡಿಯಬಾರದೆಂದು ಒಂದು ಏರ್ಪಾಡು ಮಾಡಿದ್ದರು. ಮೂಲದನಿ ಕೇಳಿಸಿದರೆ ಅದು ಗುರಿ ಬಿಟ್ಟು ಪಾಠಕ್ಕೆ ಕೂರುತ್ತದೆ. ಆಗ ಅದನ್ನು ಬಿಚ್ಚಬಹುದು. ಆ ಏರ್ಪಾಡನ್ನು ಯಾರೂ ತೆಗೆದಿರಲಿಲ್ಲ. ಆದರೆ ಯುದ್ಧದಲ್ಲಿ ಪೊನ್ಮಲೆಯವರು ಗುಂಡು ಖಾಲಿ ಮಾಡಿಸಲು ದಡದಲ್ಲಿ ಧ್ವನಿವರ್ಧಕ ಇಡುತ್ತಿದ್ದರು. ಕೋವಿಗಳು ಪೆಟ್ಟಿಗೆಯ ದನಿಯನ್ನು ಬಾಯಿಯ ದನಿಯಿಂದ ಬೇರೆ ಮಾಡಲು ಕಲಿತುಬಿಟ್ಟಿದ್ದವು. ಆದ್ದರಿಂದ ಮುದ್ರಣ ಒಯ್ದು ಕೇಳಿಸಿದರೆ ಆಗದು. ಬದುಕಿರುವ ಬಾಯಿಯೇ ಬೇಕು.

ಪಾರಿಸಯ್ಯ ಬೇಡವೆಂದ. ಹನ್ನೊಂದು ವರ್ಷ ಹ ಅಂದ ನಾಲಿಗೆ ಅದು, ಹಳೆಯ ಪ ಈಗ ಅದರಲ್ಲಿ ಉಳಿದಿಲ್ಲ, ಕೋವಿ ಗುರುತು ಹಿಡಿಯದಿದ್ದರೆ ಸಾವೇ ಎಂದ. ಪೂವಬ್ಬೆ ಸೇತುವೆಯ ಬಳಿ ತನ್ನ ಮೇಲೆ ಬಿದ್ದ ಹುಡುಗಿಯ ವಿಷಯ ಹೇಳಿದಳು. ಬಿಸಿಯಾಗಿದ್ದಳು, ತುಂಬ ಹೊತ್ತು ಬಿಸಿಯಾಗಿಯೇ ಇದ್ದಳು ಎಂದಳು. ಆಮೇಲೆ ಅಣ್ಣನಿಗೆ, "ನನ್ನ ಮಾತು ನನಗೆ ಕಲಿಸು," ಎಂದಳು.

ನೆಲಮಾಳಿಗೆಯಲ್ಲಿ ಅಣ್ಣ ತಂಗಿಗೆ ಮಾತು ಕಲಿಸಿದ. ಪಗಲು, ಪಸಿವು, ಪೊಗೆ, ಪಣ್ಣು. ಅವಳ ತುಟಿ ಕೂಡುವ ಮೊದಲೇ ಉಸಿರು ನುಸುಳಿಬಿಡುತ್ತಿತ್ತು. ಯಂತ್ರ ಅವಳ ದನಿಯನ್ನು ಹಳೆಯದರೊಂದಿಗೆ ತೂಗಿ ನೋಡಿ ಕೆಂಪು ದೀಪವನ್ನೇ ತೋರಿಸುತ್ತಿತ್ತು. ಅಕ್ಷರ ಸರಿಹೋದ ಮೇಲೂ ಕೆಂಪೇ. ಅವಳ ದನಿಯಲ್ಲಿ ಸಿಟ್ಟಿದೆ, ಮುದ್ರಣದಲ್ಲಿ ಅದಿಲ್ಲ ಎಂದು ಹೊನ್ನಯ್ಯ ಮೂಲೆಯಿಂದ ಹೇಳಿದ. ಅವಳು ಅವನನ್ನು ಹೊರಗೆ ಕಳಿಸಿದಳು. ಕಣ್ಣು ಮುಚ್ಚಿ, ಮಡಿಲಲ್ಲಿ ಮಗಳಿದ್ದಾಳೆ ಎಂದುಕೊಂಡು, ಪಾಲು ಕುಡಿ ಎಂದಳು. ಹಸಿರು ದೀಪ ಹತ್ತಿತು. ಪಾರಿಸಯ್ಯ ಮುಖ ತಿರುಗಿಸಿಕೊಂಡ. ತನಗೊಬ್ಬ ಸೋದರಸೊಸೆಯಿದ್ದಳೆಂಬುದೇ ಅವನಿಗೆ ಈ ವಾರದವರೆಗೆ ಗೊತ್ತಿರಲಿಲ್ಲ. ಅವಳನ್ನು ಕೊಂದದ್ದು ತನ್ನ ಸೇನೆ.

ಮೊದಲ ಕೋವಿಯಿದ್ದದ್ದು ಸೇತುವೆಯ ಬುಡದಲ್ಲೇ. ಮೂವರೂ ಹೋದರು. ಪಾರಿಸಯ್ಯ ಬಾಯಿಗೆ ಬಟ್ಟೆ ಬಿಗಿದುಕೊಂಡಿದ್ದ. ಎಡವಿ ಬಿದ್ದು ಒಂದು ಮಾತು ಬಂದರೂ ಮುಗಿಯಿತು. ಹೊನ್ನಯ್ಯ ಸಲಕರಣೆಯ ಚೀಲ ಹಿಡಿದಿದ್ದ. ಪೂವಬ್ಬೆ ಮಣ್ಣಿನ ಮುಂದೆ ಕೂತು ಮಗಳಿಗೆ ಆಡಿದ ಮಾತನ್ನು ಆಡಿದಳು. ನೆಲ ಕದಲಿತು. ಕರಿ ನಳಿಗೆ ಅವಳ ಮುಖಕ್ಕೆ ಒಂದು ಮೊಳದ ದೂರದಲ್ಲಿ ಮೇಲೆದ್ದು, ತುಟಿಯ ಕಡೆ ತಿರುಗಿ, ನಿಂತಿತು. ಅವಳು ಮಾತು ನಿಲ್ಲಿಸಲಿಲ್ಲ. ನಳಿಗೆ ಮೆಲ್ಲನೆ ಬಾಗಿತು. ಹೊನ್ನಯ್ಯ ಹಿಂಬದಿಯ ಮುಚ್ಚಳ ಬಿಚ್ಚಿ, ಗುಂಡು ಸಿಡಿಸುವ ಒಳಗಿನ ಬಡಿಗುಂಡಿ ಕಿತ್ತ. ಅವಳು ಎದ್ದು ಹೋಗಿ ಹೊಳೆಯಂಚಿನಲ್ಲಿ ಬಾಯಿ ಮುಕ್ಕಳಿಸಿದಳು.

ಹಾಗೆ ದಿನವೂ ನಡೆದರು. ದಡದಲ್ಲಿ ಹಳೆಯ ಹೆಣಗಳು ಎಲುಬಾಗಿ ಬಿದ್ದಿದ್ದವು. ಕೆಲವು ಕಡೆ ಹೊಸವೂ ಇದ್ದವು. ಗಂಡ ಹೆಂಡತಿ ಕೆಲಸದ ಮಾತು ಬಿಟ್ಟು ಇನ್ನೊಂದು ಆಡಲಿಲ್ಲ. ಒಮ್ಮೆ ಹೊನ್ನಯ್ಯ, ಎಲ್ಲ ಮುಗಿದ ಮೇಲೆ ಪೊನ್ಮಲೆಯ ನ್ಯಾಯಾಲಯಕ್ಕೆ ತಾನೇ ಹೋಗುತ್ತೇನೆ ಎಂದ. ಕೋವಿ ಮಾಡಿದವರನ್ನು ಒಪ್ಪಿಸಬೇಕೆಂದು ಒಪ್ಪಂದದಲ್ಲಿ ಬರೆದಿತ್ತು. ಅಲ್ಲಿ ಗಲ್ಲು ಖಂಡಿತ. ಹೋಗಿ ಎಂದಳು ಅವಳು.

ಅಮಾವಾಸ್ಯೆ ಹತ್ತಿರ ಬಂದಂತೆ ಅವಳ ಗಂಟಲು ಕಟ್ಟತೊಡಗಿತು. ನಳಿಗೆ ಬಾಗಲು ತಡವಾಗುತ್ತಿತ್ತು. ಒಂದು ದಿನ ವಿಶ್ರಾಂತಿ ತಗೊ ಎಂದು ಪಾರಿಸಯ್ಯ ಕೈಸನ್ನೆ ಮಾಡಿದ. ಆದರೆ ಅಂದು ಅವರು ಬಂದದ್ದು ಅವರ ಹುಟ್ಟೂರಿಗೆ ಎದುರಿನ ಕಾಲುಹಾದಿಗೆ, ಬೇಸಗೆಯಲ್ಲಿ ಮೊಣಕಾಲುದ್ದ ನೀರಿರುವ ಜಾಗಕ್ಕೆ. ಆಚೆ ದಡದ ಬಾವಿಗಳು ಯುದ್ಧದಲ್ಲಿ ಹಾಳಾಗಿದ್ದವು. ಬಾಯಾರಿದ ಊರಿನವರು, ದಡಕ್ಕೆ ಬರಬೇಡಿರೆಂದು ಡಂಗುರ ಸಾರಿದ್ದರೂ, ಮಕ್ಕಳ ಬಾಯಿಗೆ ಬಟ್ಟೆ ಕಟ್ಟಿಕೊಂಡು ಕೊಡ ಹಿಡಿದು ಹೊಳೆಗೆ ಇಳಿದಿದ್ದರು.

ಪೂವಬ್ಬೆ ಕೋವಿಯ ಮುಂದೆ ಕೂತು ಮಾತು ಶುರುಮಾಡಿದಳು. ದನಿ ಒಡೆಯಿತು. ನಳಿಗೆ ಎದ್ದಿತು, ಬಾಗಲಿಲ್ಲ. ಅಷ್ಟರಲ್ಲಿ ನೀರಿನಲ್ಲಿದ್ದ ಒಂದು ಮಗುವಿನ ಕಾಲು ಜಾರಿತು. ಬಾಯಿಯ ಬಟ್ಟೆ ಕಳಚಿ, "ಪಿಡ್ಕೋ ಅಮ್ಮಾ," ಎಂದಿತು. ನಳಿಗೆ ಪೂವಬ್ಬೆಯನ್ನು ಬಿಟ್ಟು ಹೊಳೆಯ ಕಡೆ ಹೊರಳಿ ಸಿಡಿಯಿತು. ಮಗುವನ್ನು ಎತ್ತಿಕೊಳ್ಳಲು ಬಾಗಿದ ತಾಯಿಯ ತಲೆ ಹಾರಿಹೋಯಿತು. ಹೊಳೆಯ ತುಂಬ ಕೂಗೆದ್ದಿತು. ಕೂಗಿದವರು ಒಬ್ಬೊಬ್ಬರಾಗಿ ನೀರಿಗೆ ಬಿದ್ದರು.

ಹೊನ್ನಯ್ಯ ಚೀಲ ಬಿಸುಟು ಓಡಿದ. ಗುರಿಯ ದಾರಿಯಲ್ಲಿ ತನ್ನ ಕಡೆಯವರ ದನಿ ಕೇಳಿದರೆ ಕೋವಿ ತಡೆದು ನಿಲ್ಲುತ್ತದೆಂಬುದು ಅವನಿಗೆ ಗೊತ್ತಿತ್ತು. ಆ ನಿಯಮ ಬರೆದವನು ಅವನೇ. ನಳಿಗೆಯ ತುದಿಯನ್ನು ಎದೆಗೆ ಒತ್ತಿಕೊಂಡು ನಿಂತು, ಹೊಂಬಲದ ಬಾಯಲ್ಲಿ ಗಟ್ಟಿಯಾಗಿ ಮಾತಾಡತೊಡಗಿದ. ಹಾಲು, ಹಣ್ಣು, ಹೊಲ, ಹಗಲು ಎಂದು ಸಿಕ್ಕಿದ್ದನ್ನೆಲ್ಲ ಹೇಳಿದ. ಕೋವಿ ತಡೆಯಿತು. ಅದು ಪಕ್ಕಕ್ಕೆ ಹೊರಳಿದರೆ ಅವನೂ ಹೊರಳಿದ. ಹೊಳೆಯಲ್ಲಿದ್ದವರು ಆಚೆ ದಡದ ಏರಿಯತ್ತ ತೆವಳಿದರು. ಹೇಳಲು ಪದ ಮುಗಿದಾಗ ಅವನು ನೀಲಿಯ ಮಾತು ತೆಗೆದ. ಅವಳು ಹುಟ್ಟಿದ ದಿನ, ಹಲ್ಲು ಬಂದದ್ದು, ಹುಣಸೆಹಣ್ಣು ತಿಂದು ಮುಖ ಹಿಂಡಿದ್ದು. ಭುಜದ ಗಾಯ ಬಿರಿದು ಅಂಗಿ ತೊಯ್ದಿತ್ತು. ಉಸಿರು ಸಾಲುತ್ತಿರಲಿಲ್ಲ.

ಪೂವಬ್ಬೆ ತೆವಳಿಕೊಂಡು ಹತ್ತಿರ ಬಂದು ನೀರು ಗುಟುಕರಿಸಿ ಮತ್ತೆ ಪ್ರಯತ್ನಿಸಿದಳು. ದನಿ ಹೊರಡಲಿಲ್ಲ. ಪಾರಿಸಯ್ಯ ಹೊಳೆಗೆ ಹಾರಿ ಆ ಮಗುವನ್ನು ಎತ್ತಿಕೊಂಡು ಏರಿಯ ಆಚೆಗೆ ಎಸೆದಂತೆ ಹಾಕಿ ತಾನೂ ಉರುಳಿದ. ಜೀವವಿದ್ದವರು ಯಾರೂ ಈಗ ನೀರಿನಲ್ಲಿರಲಿಲ್ಲ.

ಹೊನ್ನಯ್ಯ ಕತ್ತು ಹೊರಳಿಸಿ ಅದನ್ನು ನೋಡಿದ. "ಹೂವೀ, ಹೋ..." ಎಂದ. ಮಾತಿನ ನಡುವೆ ಕೆಮ್ಮು ಬಂತು. ಕೆಮ್ಮಿಗೆ ಯಾವ ದಡವೂ ಇಲ್ಲ. ಏರಿಯ ಆಚೆ ಯಾರೋ ಪೆಣ ಎಂದು ಅರಚಿದರು. ಕೋವಿ ಅವನ ಮೂಲಕವೇ ಸಿಡಿಯಿತು.

ಅವನು ನಳಿಗೆಯ ಮೇಲೆಯೇ ಕುಸಿದ. ಗುಂಡು ಅವನ ಬೆನ್ನಿನಿಂದ ಹೊರಬಿದ್ದು ಏರಿಯ ಮಣ್ಣಲ್ಲಿ ಹೂತುಹೋಯಿತು. ಪೂವಬ್ಬೆ ಆ ಕೋವಿಯ ಪಕ್ಕ ಕೂತಳು. ಆ ದಿನ ಎಷ್ಟೋ ಹೊತ್ತು ಹಾಗೇ ಕೂತಿದ್ದು, ಗಂಟಲು ಸ್ವಲ್ಪ ತಿಳಿಯಾದ ಮೇಲೆ, ಬಿಸಿಲು ಇಳಿಯುವಾಗ, ಪಾಲು ಕುಡಿ ಎಂದಳು. ನಳಿಗೆ ಹೆಣದ ಭಾರದ ಕೆಳಗೇ ಅಲುಗಾಡಿ ಬಾಗಿತು. ಬಡಿಗುಂಡಿಯನ್ನು ಅವಳೇ ಕಿತ್ತಳು; ಅಷ್ಟು ದಿನ ನೋಡಿ ಕಲಿತಿದ್ದಳು.

ಪಾರಿಸಯ್ಯ ಈಚೆಗೆ ಮರಳಿದ ಮೇಲೆ ಅಣ್ಣ ತಂಗಿ ಹೆಣ ಹೊತ್ತು ಹೊಳೆ ದಾಟಿದರು. ಹತ್ತಿರವಿದ್ದ ಊರು ಆ ದಡದ್ದೇ. ಊರಿನವರು ತಮ್ಮ ಸತ್ತವರನ್ನು ಸಾಲಾಗಿ ಮಲಗಿಸಿದ್ದರು. ಇವನು ಯಾರೆಂದು ಒಬ್ಬ ಕೇಳಿದ. ಪಾರಿಸಯ್ಯ ಬಾಯಿಯ ಬಟ್ಟೆ ಬಿಚ್ಚಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಕೋವಿಗೆ ಮಾತು ಕಲಿಸಿದವನು, ಈಗ ನಿಮ್ಮ ಮಕ್ಕಳ ಮುಂದೆ ಅಡ್ಡ ನಿಂತವನು, ನನ್ನ ಭಾವ ಎಂದ. ಮೊದಲ ಕಲ್ಲು ಹೆಣದ ಮೇಲೆ ಬಿತ್ತು. ಎರಡನೆಯದು ಪೂವಬ್ಬೆಯ ಹಣೆ ಒಡೆಯಿತು. ಇಬ್ಬರೂ ಕದಲಲಿಲ್ಲ. ಕಲ್ಲು ನಿಂತ ಮೇಲೆ ಪಾರಿಸಯ್ಯ ಗುದ್ದಲಿ ಕೇಳಿದ. ಯಾರೂ ಕೊಡಲಿಲ್ಲ. ಅವನು ಸಲಕರಣೆಯ ಚೀಲದಲ್ಲಿದ್ದ ಚಪ್ಪಟೆ ಕಬ್ಬಿಣದಿಂದ ತೋಡಿದ. ಮಾರನೆಯ ದಿನ ಅವರು ಮುಂದಿನ ಕೋವಿಗೆ ಹೋದರು. ಕೊನೆಯದು ಅಮಾವಾಸ್ಯೆಯ ಹಿಂದಿನ ಸಂಜೆ ಬಾಗಿತು.

ಒಪ್ಪಂದ ಉಳಿಯಿತು. ರಾಯಭಾರಿಗಳು ಬಂದರು, ಧಾನ್ಯದ ಲಾರಿಗಳು ಓಡಾಡಿದವು, ಹಳೆಯ ದರದಲ್ಲಿ ಅಂಚೆ ಶುರುವಾಯಿತು. ಸೇತುವೆಯ ಮೇಲೆ ಮತ್ತೆ ಜನ ನಡೆದರು. ಆದರೆ ಪೊನ್ಮಲೆಯವರು ಅದರ ಮೇಲೆ ಬಾಯಿ ಬಿಡುತ್ತಿರಲಿಲ್ಲ. ಕೋವಿಗಳಿಲ್ಲವೆಂದು ಗೊತ್ತಿದ್ದೂ ತಾಯಂದಿರು ಮಕ್ಕಳ ಬಾಯಿಗೆ ಕೈ ಅಡ್ಡ ಇಟ್ಟು ದಾಟಿಸುತ್ತಿದ್ದರು. ಮಾತಾಡಲೇಬೇಕಾದವರು ಆ ಅಕ್ಷರವಿರುವ ಪದಗಳನ್ನು ನುಂಗಿ ಮಾತಾಡುತ್ತಿದ್ದರು.

ಪೂವಬ್ಬೆ ದಿನವೂ ಬಂದು ಸೇತುವೆಯ ನಡುವೆ ಕಟಕಟೆಗೆ ಒರಗಿ ನಿಲ್ಲುತ್ತಿದ್ದಳು. ದಾಟುವವರನ್ನು ಎಲ್ಲಿಗೆ ಪೋಗ್ತೀರಿ ಎಂದು ಗಟ್ಟಿಯಾಗಿ ಕೇಳುತ್ತಿದ್ದಳು. ಕೆಲವರು ಕೋವಿಯ ತಾಯಿ ಎಂದು ಗೊಣಗಿ ಉಗುಳಿದರು. ಹೆಚ್ಚಿನವರು ತಲೆತಗ್ಗಿಸಿ ನಡೆದುಬಿಟ್ಟರು.

ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಸೋರೆಕಾಯಿ ಬುಟ್ಟಿ ಹೊತ್ತ ಹೆಂಗಸೊಬ್ಬಳು ನಿಂತಳು.

"ಸಂತೆಗೆ," ಎಂದಳು, ಮೆಲ್ಲಗೆ.

"ಸಂತೆಗೆ ಏನು?" ಎಂದು ಕೇಳಿ ಪೂವಬ್ಬೆ ಕಾದಳು.

ಹೆಂಗಸು ದಡದ ಕಡೆ ನೋಡಿದಳು. ತುಟಿ ಕೂಡಿಸಿದಳು, ಬಿಟ್ಟಳು, ಮತ್ತೆ ಕೂಡಿಸಿದಳು. "ಪೋಗ್ತೇನೆ," ಎಂದು ಕಣ್ಣು ಬಿಗಿಯಾಗಿ ಮುಚ್ಚಿ, ಬುಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು. ಕೆಳಗೆ ನೀರು ಹರಿಯುವುದೊಂದೇ ಕೇಳಿಸಿತು. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟು, ಬುಟ್ಟಿ ಸರಿಮಾಡಿಕೊಂಡು, ಅವಳು ಸಂತೆಯ ದಾರಿ ಹಿಡಿದಳು.